ಬಂಡೆಯ ಮೇಲೆ ಬೀಗತನ

ಕನ್ನಡಕ ಮಾಮನನ್ನು ಆ ಬಂಡೆಯ ಬುಡಕ್ಕೆ ತಂದು ನಿಲ್ಲಿಸಿದ್ದು ಅವನದೇ ನಾಲಿಗೆ. ಊಟಕ್ಕೆ ಕೂತಾಗ, ಬಾಯಲ್ಲಿ ತುತ್ತಿರುವಾಗಲೇ ಅವನೊಂದು ಮಾತಾಡಿದ್ದ: "ಒಬ್ಬ ಮನುಷ್ಯನ ಜೊತೆ ಇಡೀ ಒಂದು ದಿನ ಕಳೀದೆ ಅವನ ಗುಣ ಗೊತ್ತಾಗಲ್ಲ. ಹುಡುಗನ ಅಪ್ಪನ ಗುಣ ಗೊತ್ತಾಗದೆ ನಾನಂತೂ ಮಾತು ಕೊಡಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಮಾಮನ ವಿಷಯದಲ್ಲಿ ಹೋಗುವಂತೆ ಕಂಡದ್ದು ಪ್ರಾಣ.

ಬೀದಿಯ ತಿರುವಿನಲ್ಲಿ ಅವನದೊಂದು ಕನ್ನಡಕದ ಅಂಗಡಿ. ಬೀದಿಗೆಲ್ಲ ಅವನು ಕನ್ನಡಕ ಮಾಮ. ಒಬ್ಬಳೇ ಮಗಳು, ಶಾಲೆಯಲ್ಲಿ ಟೀಚರ್. ಬೇಕರಿಯವರ ಮಗನನ್ನು, ಅಂದರೆ ಹಲ್ಲಿನ ಡಾಕ್ಟರನ್ನು, ಮದುವೆಯಾಗುತ್ತೇನೆ ಎಂದು ಅವಳು ಹೇಳಿ ಎರಡು ವರ್ಷ ದಾಟಿತ್ತು. ಮಾಮ ಬೇಡ ಎಂದವನಲ್ಲ, ಹೂಂ ಎಂದವನೂ ಅಲ್ಲ. ಹುಡುಗ ತೀರಾ ತೆಳ್ಳಗಿದಾನೆ ಎಂದ ಒಮ್ಮೆ. ಹಗಲೆಲ್ಲ ಜನರನ್ನು ಅಳಿಸುವ ಉದ್ಯೋಗ, ಮನೆಗೆ ಬಂದು ಹೆಂಡತಿಯನ್ನು ನಗಿಸುತ್ತಾನೆಯೇ ಎಂದ ಇನ್ನೊಮ್ಮೆ. ಒಳಗಿನ ಮಾತು ಬೇರೆ. ಮಗಳು ಹೋದ ಮೇಲೆ ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಯಾರ ಚಪ್ಪಲಿ ಎಡವಿ ಬೈಯಬೇಕು ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ಅದನ್ನು ಹೆಂಡತಿಯ ಹತ್ತಿರವೂ ಹೇಳಲಾರದೆ ದಿನಕ್ಕೊಂದು ನೆಪ ಹೂಡುತ್ತಿದ್ದ.

ಅಪ್ಪನ ಹೊಸ ನೆಪ ಕೇಳಿದ ಮಗಳು ಈ ಸಲ ಅಳಲಿಲ್ಲ, ತಟ್ಟೆ ಬಿಟ್ಟು ಎದ್ದುಹೋಗಲೂ ಇಲ್ಲ.

"ಸರಿ ಅಪ್ಪ. ಈ ಭಾನುವಾರ ಅವರ ಅಪ್ಪನ ಜೊತೆ ಇಡೀ ದಿನ ಕಳೀರಿ," ಎಂದಳು. "ಅವರು ರಜೆ ಬಂತು ಅಂದ್ರೆ ಬಂಡೆ ಹತ್ತೋಕೆ ಹೋಗ್ತಾರೆ. ಬಂಡೆ ಮೇಲೆ ನೋಡಿದ್ರೇ ಮನುಷ್ಯನ ಗುಣ ಗೊತ್ತಾಗೋದು ಅಂತ ಅವರೂ ಹೇಳ್ತಿರ್ತಾರಂತೆ. ಹಗ್ಗ, ಹತ್ತಿಸೋರು ಎಲ್ಲ ಅವರೇ ನೋಡ್ಕೋತಾರೆ."

ಮಾಮನ ಗಂಟಲಲ್ಲಿ ತುತ್ತು ನಿಂತಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ನೀರಿನ ಲೋಟ ಮುಂದೆ ಸರಿಸಿ, ನೀವೇ ತಾನೇ ಹೇಳಿದ್ದು ಎಂದಳು, ಅಷ್ಟೆ.

ಎತ್ತರ ಎಂದರೆ ಮಾಮನಿಗೆ ಯಮನ ಇನ್ನೊಂದು ಹೆಸರು. ಅಂಗಡಿಯ ಮೇಲಿನ ಕಪಾಟಿನಲ್ಲಿಟ್ಟ ಫ್ರೇಮುಗಳನ್ನು ಅವನು ಗಿರಾಕಿಗಳಿಗೆ ತೋರಿಸುತ್ತಲೇ ಇರಲಿಲ್ಲ, ತೋರಿಸಬೇಕಾದರೆ ಸ್ಟೂಲು ಹತ್ತಬೇಕಲ್ಲ. ಅವು ಅಲ್ಲೇ ಕೂತು ಹಳೆಯ ಫ್ಯಾಶನ್ನಾಗಿ, ಮತ್ತೆ ಹೊಸ ಫ್ಯಾಶನ್ನಾಗಿ, ಈಗ ಮತ್ತೆ ಹಳೆಯದಾಗುತ್ತಿದ್ದವು.

ಸುದ್ದಿಗೆ ಕಾಲಿಲ್ಲದಿದ್ದರೂ ಮೆಟ್ಟಿಲು ಹತ್ತುವುದು ಗೊತ್ತು. ಪಕ್ಕದ ಮನೆಯ ಪೀಟಿ ಮೇಷ್ಟ್ರು ಮಾರನೆಯ ಬೆಳಿಗ್ಗೆಯೇ ಬಂದು ಮಾಮನನ್ನು ಮಹಡಿ ಮೆಟ್ಟಿಲ ಕಂಬಿಗೆ ಜೋತುಬೀಳಿಸಿದರು. ಮೈದಾನದ ಆ ತುದಿಯ ಹುಡುಗರು ಈ ತುದಿಗೆ ಓಡಿಬರುವಂಥ ಗಂಟಲು ಅವರದು. ಬೆರಳಲ್ಲಿ ಪ್ರಾಣ ಇಟ್ಕೊಳ್ಳಿ ಎಂದು ಅವರು ಒದರಿದಾಗ ಮಾಮನ ಬೆರಳು ಬಿಟ್ಟುಹೋಗಿ, ಅವನು ಅರ್ಧ ಮೊಳ ಕೆಳಗಿದ್ದ ನೆಲಕ್ಕೆ ಬಿದ್ದು, ಇಡೀ ದಿನ ಸೊಂಟ ಹಿಡಿದುಕೊಂಡು ಓಡಾಡಿದ. ಮಹಡಿ ಮನೆಯ ರಿಜಿಸ್ಟ್ರಾರು ಸಮಾಧಾನದ ಮನುಷ್ಯ. ಹೆದರಬೇಡಿ ಮಾಮ, ಹುಟ್ಟು, ಮದುವೆ, ಸಾವು ಮೂರೂ ನನ್ನ ಒಂದೇ ಕಿಟಕಿಯಲ್ಲಿ ಆಗುತ್ತೆ, ನಿಮ್ಮದು ಯಾವುದಿದ್ದರೂ ಕಾಯಿಸುವುದಿಲ್ಲ ಎಂದು ಬೆನ್ನು ತಟ್ಟಿ ಹೋದರು.

ಭಾನುವಾರ ಬಂದೇ ಬಂತು. ಜ್ವರ ಬರುತ್ತದೇನೋ ಎಂದು ಮಾಮ ಬೆಳಿಗ್ಗೆ ಹಣೆ ಮುಟ್ಟಿ ನೋಡಿಕೊಂಡ. ಹಣೆ ತಣ್ಣಗೆ, ಕಲ್ಲಿನ ಹಾಗಿತ್ತು. ಕಲ್ಲು ನೆನಪಾದದ್ದೇ ಕೈ ಹಿಂದಕ್ಕೆ ಎಳೆದುಕೊಂಡ. ಹೊರಡುವಾಗ ಮಗಳು ಬಾಗಿಲವರೆಗೆ ಬಂದು ಅಂಗಿಯ ಕಾಲರು ಸರಿಮಾಡಿದಳು. ಸರಿಯಾಗಿದ್ದುದನ್ನೇ ಇನ್ನೊಮ್ಮೆ ಸರಿಮಾಡಿ, ಹುಷಾರು ಅಪ್ಪ ಎಂದು ಒಳಗೆ ಹೋದಳು.

ಊರ ಹೊರಗೆ ಒಂದು ಗಂಟೆಯ ದಾರಿ. ಜೀಪು ನಿಂತಾಗ ಮಾಮ ಮೊದಲು ನೆಲ ನೋಡಿದ, ಆಮೇಲೆ ಪೊದೆ ನೋಡಿದ, ಆಮೇಲೆ ಬೇರೆ ದಾರಿಯಿಲ್ಲದೆ ತಲೆ ಎತ್ತಿದ. ಬಂಡೆ ಎದ್ದು ನಿಂತಿತ್ತು. ಗುಡ್ಡವನ್ನು ಯಾರೋ ಕತ್ತಿಯಿಂದ ಕೊಚ್ಚಿ ಒಂದು ಮಗ್ಗುಲನ್ನು ಕೆಡವಿದ ಹಾಗೆ ನೆಟ್ಟಗೆ, ಬೂದು ಬಣ್ಣಕ್ಕೆ. ನಡುವೆ ಒಂದು ಸೀಳು ಬುಡದಿಂದ ಹೊರಟು, ಅರ್ಧ ದಾರಿಯಲ್ಲಿ ಮಾಯವಾಗಿ, ಎಡಕ್ಕೆ ಎಲ್ಲೋ ಮತ್ತೆ ಕಾಣಿಸಿಕೊಂಡು ಆಕಾಶಕ್ಕೆ ಹೋಗಿತ್ತು. ತುದಿಯಲ್ಲಿ ಹದ್ದೊಂದು ಸುತ್ತುತ್ತಿತ್ತು. ಅದು ತನ್ನನ್ನೇ ಅಳೆಯುತ್ತಿದೆ ಎಂದು ಮಾಮನಿಗೆ ಅನುಮಾನ ಬಂತು.

ಹಗ್ಗ ಹಾಕಿಸುವವಳು ಒಬ್ಬ ಹೆಂಗಸು. ಒಣಗಿದ ಬಳ್ಳಿಯಂಥ ಮೈ, ಅಳೆದು ತೂಗಿದ ಮಾತು. ಹಗ್ಗದ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದರಂತೆ. ಸೊಂಟಪಟ್ಟಿಯ ಸುತ್ತ ಬೆಣೆಗಳನ್ನೂ ಕೊಕ್ಕೆಗಳನ್ನೂ ನೇತುಹಾಕಿಕೊಂಡು ಅವಳು ನಡೆದರೆ ಪಾತ್ರೆ ಅಂಗಡಿಯೇ ನಡೆದಂತೆ ಸದ್ದಾಗುತ್ತಿತ್ತು. ಅವಳು ಹೇಳಿದ್ದು ಇಷ್ಟು: ಬಂಡೆಯಲ್ಲಿ ಯಾರೂ ಮೊಳೆ ಹೊಡೆದಿಲ್ಲ. ನಾನು ಮೊದಲು ಹತ್ತುತ್ತ ಸೀಳಿನಲ್ಲಿ ಬೆಣೆ ಸಿಕ್ಕಿಸಿ ಅದಕ್ಕೆ ಹಗ್ಗ ಹಾಯಿಸುತ್ತೇನೆ. ನೀವು ಹಿಂದೆ ಬರುತ್ತ ಬೆಣೆ ಬಿಡಿಸಿಕೊಂಡು ಬನ್ನಿ. ಮೂರು ಮಜಲು. ಸುಲಭದ ದಾರಿ.

ಆಗಲೇ ಬೇಕರಿ ಬೀಗರು ಪೊದೆಯ ಹಿಂದಿನಿಂದ ಬಂದರು. ಬೀಗರು ಇನ್ನೂ ಆಗಿರಲಿಲ್ಲ, ಆದರೆ ಮಾಮನ ಮನಸ್ಸು ಆಗಲೇ ಹಾಗೆ ಕರೆಯತೊಡಗಿತ್ತು. ಉಬ್ಬಿದ ಬನ್ನಿನಂಥ ಹೊಟ್ಟೆ, ಅದರ ಕೆಳಗೆ ಎಲ್ಲೋ ಸೊಂಟಪಟ್ಟಿ. ಇಷ್ಟು ಮೈ ಹೊತ್ತುಕೊಂಡು ರಜೆಗೊಮ್ಮೆ ಈ ಗೋಡೆ ಹತ್ತುತ್ತಾರೆಂದರೆ ಎಂಥ ಪಳಗಿದ ಮನುಷ್ಯನಿರಬೇಕು ಎಂದು ಮಾಮ ಮನಸ್ಸಿನಲ್ಲೇ ಕೈ ಮುಗಿದ. ಬೀಗರೂ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಗಂಭೀರವಾಗಿ ತಲೆ ಆಡಿಸಿದರು. ಇಬ್ಬರೂ ಹವಾಮಾನದ ಬಗ್ಗೆ ಎರಡು ಮಾತಾಡಿದರು. ಗಾಳಿ ಇವತ್ತು ಪರವಾಗಿಲ್ಲ ಎಂದರು ಬೀಗರು. ಗಾಳಿ ಪರವಾಗಿಲ್ಲ ಎಂದ ಮಾಮ. ಯಾವ ಗಾಳಿ ಪರವಾಗಿಲ್ಲ, ಯಾವುದು ಪರವಾಗಿದೆ ಎಂದು ಅವನಿಗೆ ತಿಳಿದಿದ್ದರೆ ಕೇಳಿ.

ಮೇಡಂ ತನ್ನ ಹಗ್ಗವನ್ನು ಒಂದು ಪುಟ್ಟ ಲೋಹದ ಸಾಧನದೊಳಗೆ ಹಾಯಿಸಿ ಅದನ್ನು ಮಾಮನ ಸೊಂಟಕ್ಕೆ ಸಿಕ್ಕಿಸಿದಳು. ನಾನು ಬಿದ್ದರೆ ಹಿಡಿಯುವವರು ನೀವು ಎಂದಳು. ತಾನು ಸಾಯುವುದಕ್ಕೆ ಮಾಮ ರಾತ್ರಿಯೆಲ್ಲ ತಯಾರಾಗಿದ್ದ. ಇನ್ನೊಬ್ಬರನ್ನು ಸಾಯಿಸುವುದಕ್ಕೆ ಆಗಿರಲಿಲ್ಲ.

"ಕೊನೇ ಸಲ ಹತ್ತಿದ್ದು ಯಾವಾಗ?" ಎಂದು ಅವಳು ಕೇಳಿದಳು.

ಮಾಮ ಬೀಗರ ಕಡೆ ಕಳ್ಳನೋಟ ಬೀರಿ, "ಬಹಳ ದಿನ ಆಯ್ತು," ಎಂದ.

ಮೇಡಂ ಅವನ ಕೈ ನೋಡಿದಳು. ಅದು ಹಗ್ಗವನ್ನು ತಪ್ಪು ಕಡೆ ಹಿಡಿದಿತ್ತು. ಅವಳು ಅವನನ್ನು ಒಂದು ಮರಕ್ಕೆ ಬಿಗಿದು, ಸಾಧನದ ಹಿಂದೆ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ, ಹಗ್ಗ ಬಿಡುವುದು ಹೇಗೆ, ಹಿಡಿಯುವುದು ಹೇಗೆ ಎಂದು ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ತಿದ್ದಿಸಿ, ಮೇಲೆ ಹೋದಳು. ಹೋಗಲು ನೋಡಿದಳು ಎನ್ನಬೇಕು. ಮಾಮ ಹಗ್ಗವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವಳು ಬಂಡೆಯ ಮೇಲೆ ಹೆಜ್ಜೆ ಇಡಲಾರದೆ ನಿಂತು, ಬಿಡಿ, ಸ್ವಲ್ಪ ಬಿಡಿ ಎಂದು ಹೇಳುತ್ತಲೇ ಇರಬೇಕಾಯಿತು. ಕೊನೆಗೆ ಮೇಲಿನಿಂದ ಹಗ್ಗ ಮೂರು ಬಾರಿ ಜಗ್ಗಿತು. ಬನ್ನಿ ಎಂದರ್ಥ.

ಬೀಗರಿಗೆ ಕೆಂಪು ಹಗ್ಗ, ಮಾಮನಿಗೆ ನೀಲಿ. ಬೀಗರು ಮುಂದೆ, ನಾಲ್ಕಾರು ಮಾರು ಹಿಂದೆ ಮಾಮ. ಬೀಗರು ಏನು ಮಾಡುತ್ತಾರೋ ಅದನ್ನೇ ಮಾಡಿದರಾಯಿತು ಎಂದು ಮಾಮ ತೀರ್ಮಾನಿಸಿದ್ದ. ಅವರು ಸೀಳಿನೊಳಗೆ ಮುಷ್ಟಿ ತುರುಕಿದರೆ ತಾನೂ ತುರುಕಿದ. ಅವರು ಬಂಡೆಗೆ ಕೆನ್ನೆ ಒತ್ತಿ ನಿಂತರೆ ತಾನೂ ಒತ್ತಿ ನಿಂತ. ಒಂದು ಕಡೆ ಅವರ ಎಡಗಾಲು ಹೊಲಿಗೆ ಯಂತ್ರದ ಸೂಜಿಯಂತೆ ಟಕಟಕ ಕುಣಿಯತೊಡಗಿತು. ಇದು ಕಾಲಿನ ದಣಿವು ಕಳೆಯುವ ಉಪಾಯವಿರಬೇಕು ಎಂದುಕೊಂಡು ಮಾಮ ತನ್ನ ಕಾಲು ಕುಣಿಸಲು ಹೋಗಿ ನೋಡಿದರೆ, ಅದು ಆಗಲೇ ಕುಣಿಯುತ್ತಿತ್ತು.

ಅವನು ಕೆಳಗೆ ನೋಡಬಾರದಿತ್ತು. ನೋಡಿದ. ಜೀಪು ಬೆಂಕಿಪೊಟ್ಟಣದಷ್ಟಾಗಿತ್ತು. ತನ್ನನ್ನು ಕಟ್ಟಿದ್ದ ಮರ ಕೊತ್ತಂಬರಿ ಕಟ್ಟಿನಂತೆ ಕಂಡಿತು. ಕೈ ಬಿಟ್ಟರೆ ಎಷ್ಟು ಹೊತ್ತು ಬೀಳುತ್ತೇನೆ, ಬೀಳುವಾಗ ಏನನ್ನು ನೆನೆಯಬೇಕು, ಅಂಗಡಿಯ ಬೀಗದ ಕೈ ಯಾವ ಅಂಗಿಯ ಜೇಬಿನಲ್ಲಿದೆ ಎಂಬೆಲ್ಲ ಯೋಚನೆಗಳು ಒಟ್ಟಿಗೆ ನುಗ್ಗಿದವು. ಕೊನೆಗೆ ಅವನಿಗೆ ತನ್ನ ಕಸುಬಿನ ಬುದ್ಧಿಯೇ ಹೊಳೆಯಿತು. ಒಂದು ಕೈಯಿಂದ ಮೆಲ್ಲಗೆ ಕನ್ನಡಕ ಕಳಚಿ ಜೇಬಿಗಿಳಿಸಿದ. ಅವನದು ಹತ್ತಿರದ್ದು ಮಾತ್ರ ಕಾಣುವ ಕಣ್ಣು. ಜೀಪು, ಮರ, ಹದ್ದು, ಪಾತಾಳ ಎಲ್ಲ ಒಂದೇ ಹಸಿರು ಮಬ್ಬಾಗಿ ಕರಗಿಹೋದವು. ಮೂಗಿನ ಮುಂದಿನ ಕಲ್ಲು ಮಾತ್ರ ಉಳಿಯಿತು. ಈ ದೃಷ್ಟಿದೋಷಕ್ಕೆ ಅವನು ಹುಟ್ಟಿದಾಗಿನಿಂದ ಮೊದಲ ಸಲ ಕೃತಜ್ಞನಾದ.

ಒಂದನೆಯ ಮಜಲಿನ ಕೊನೆಗೆ ಒಂದು ಜಗಲಿ. ಜಗಲಿ ಎಂದರೆ ಕುಳಿತು ಹರಟುವಂಥದ್ದಲ್ಲ, ಎರಡು ಪಾದ ಮತ್ತು ಸ್ವಲ್ಪ ಪಶ್ಚಾತ್ತಾಪ ಹಿಡಿಸುವಷ್ಟು. ಮೇಡಂ ಮೂರು ಬೆಣೆಗಳಿಗೆ ಅವರಿಬ್ಬರನ್ನೂ ದನ ಕಟ್ಟುವಂತೆ ಕಟ್ಟಿ, ಮುಂದಿನ ಮಜಲು ಅಡ್ಡ ನಡಿಗೆ, ಕೈಗೆ ಹಿಡಿತ ಚೆನ್ನಾಗಿದೆ, ಕಾಲಿಗೆ ನಂಬಿಕೆ ಬೇಕು ಎಂದು ಹೇಳಿ ಎಡಕ್ಕೆ ತಿರುಗಿ ಮರೆಯಾದಳು.

ಆ ನಡಿಗೆಯೇ ಬಂಡೆಯ ವಿಷದ ಹಲ್ಲು. ಸೀಳು ಅಲ್ಲಿ ಮಲಗಿಬಿಟ್ಟಿತ್ತು. ಕೈಗಳನ್ನು ಅದರೊಳಗೆ ಇಟ್ಟು, ಬರಿ ಬಂಡೆಗೆ ಪಾದ ಒತ್ತಿ, ಏಡಿಯ ಹಾಗೆ ಪಕ್ಕಕ್ಕೆ ಸರಿಯಬೇಕು. ಅಲ್ಲಿ ಜಾರಿದರೆ ಹಗ್ಗ ಹಿಡಿಯುತ್ತದೆ, ನಿಜ. ಆದರೆ ಹಿಡಿಯುವ ಮೊದಲು ಗಡಿಯಾರದ ಲೋಲಕದ ಹಾಗೆ ಒಂದು ತೂಗು ತೂಗಿಸುತ್ತದೆ. ಗಾಳಿ ಈಗ ಪರವಾಗಿತ್ತು. ಅಂಗಿಯೊಳಗೆ ನುಗ್ಗಿ, ಬೆನ್ನು ಉಬ್ಬಿಸಿ, ಬಾ ಬಾ ಎಂದು ಹಿಂದಕ್ಕೆ ಎಳೆಯುತ್ತಿತ್ತು. ಮಾಮ ಕಲ್ಲನ್ನು ಹಲ್ಲಿಯ ಹಾಗೆ ಅಪ್ಪಿಕೊಂಡು ಒಂದೊಂದೇ ಬೆಣೆ ಬಿಡಿಸುತ್ತ ಸರಿದ. ಬಿಡಿಸಿದ ಪ್ರತಿ ಬೆಣೆಯ ಜೊತೆಗೂ ತನ್ನ ಆಯುಷ್ಯದ ಒಂದು ಮೊಳೆ ಕಿತ್ತಂತಾಗುತ್ತಿತ್ತು.

ಅರ್ಧ ದಾರಿಯಲ್ಲಿ ಅವನ ಭುಜ ಏನೋ ಮೆತ್ತನೆಯದಕ್ಕೆ ತಗುಲಿತು. ಬೇಕರಿ ಬೀಗರು. ಅವರು ಒಂದು ಬೆಣೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಮೇಲಿನ ಹಗ್ಗ ಜಗ್ಗಿ ಜಗ್ಗಿ ಕರೆಯುತ್ತಿದ್ದರೂ ಅವರಿಗೆ ಅದು ಸಂಬಂಧವೇ ಇಲ್ಲ. ಧ್ಯಾನವಿರಬೇಕು ಎಂದು ಮಾಮ ಸ್ವಲ್ಪ ಹೊತ್ತು ಕಾದ. ಧ್ಯಾನ ಮುಗಿಯಲಿಲ್ಲ. ತನ್ನ ಬೆರಳು ಸೋಲುತ್ತಿದ್ದವು.

"ಬೀಗರೆ," ಎಂದ ಮೆಲ್ಲಗೆ. "ಮುಂದೆ ಹೋಗೋಣವಾ?"

"ನೀವು ಹೋಗಿ," ಎಂದರು ಬೀಗರು ಕಣ್ಣು ತೆರೆಯದೆ. "ನಾನು ಇಲ್ಲೇ ಇರ್ತೀನಿ."

"ಎಲ್ಲೀವರೆಗೆ?"

"ನನ್ನ ಹಣೇಲಿ ಬರೆದಿರೋವರೆಗೆ." ಅವರು ಬೆಣೆಗೆ ಇನ್ನಷ್ಟು ಅಂಟಿಕೊಂಡರು. "ನಿಮ್ಮಂಥ ಪಳಗಿದೋರ ಮುಂದೆ ಹೇಳೋಕೆ ನಾಚಿಕೆ ಆಗುತ್ತೆ. ನಾನು ಈ ಜನ್ಮದಲ್ಲಿ ಬಂಡೆ ಹತ್ತಿದೋನಲ್ಲ. ಏಣಿ ಹತ್ತಿ ಗೊತ್ತಿಲ್ಲ ನನಗೆ."

ಮಾಮನಿಗೆ ಕಿವಿಯೊಳಗೆ ಗಾಳಿ ಹೊಕ್ಕಿದೆಯೋ ಏನೋ ಅನ್ನಿಸಿತು. "ಪಳಗಿದೋನು ನಾನಾ?"

"ನಿಮ್ಮ ಮಗಳೇ ಹೇಳಿದ್ಳಲ್ಲ. ರಜೆ ಬಂದ್ರೆ ಅಪ್ಪ ಬಂಡೆ ಮೇಲೆ ಇರ್ತಾರೆ, ಬಂಡೆ ಹತ್ತಲಾರದೋರ ಮನೆಗೆ ಹೆಣ್ಣು ಕೊಡಲ್ಲ ಅಂತಿದಾರೆ ಅಂತ. ಹುಡುಗಿ ಮನೆಯವರನ್ನ ತಿಳ್ಕೊಳ್ಳದೆ ಒಪ್ಪಲ್ಲ ಅಂತ ನಾನೇ ಎರಡು ವರ್ಷ ಎಳೆದಿದ್ದೆ. ಅದಕ್ಕೆ ಅವಳು, ಹಾಗಾದ್ರೆ ಅಪ್ಪನ ಜೊತೆ ಒಂದಿನ ಹೋಗಿ ಬನ್ನಿ ಮಾವ ಅಂದ್ಳು. ಮಾವ ಅಂದುಬಿಟ್ಳಲ್ಲ, ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಮಾಮನಿಗೆ ನಗು ಬರಬೇಕಿತ್ತು. ಬಂದದ್ದು ಇನ್ನೊಂದು ಸುತ್ತಿನ ಹೆದರಿಕೆ. ಇಷ್ಟು ಹೊತ್ತು ತನ್ನ ಮುಂದೆ ಒಬ್ಬ ಬಲ್ಲವನಿದ್ದಾನೆ ಎಂಬ ಒಂದೇ ಧೈರ್ಯದಲ್ಲಿ ಅವನು ಸರಿದು ಬಂದಿದ್ದ. ಕುರುಡನ ಹೆಗಲ ಮೇಲೆ ಕೈಯಿಟ್ಟು ಬಂದ ಕುರುಡ ತಾನು ಎಂದು ಈಗ, ಇಲ್ಲಿ, ನೆಲ ಆಕಾಶ ಎರಡೂ ಇಲ್ಲದ ಜಾಗದಲ್ಲಿ ತಿಳಿಯಬೇಕೆ?

"ನಿಮ್ಮ ಬಗ್ಗೆ ನನಗೂ ಅದೇ ಹೇಳಿದಾಳೆ," ಎಂದ.

ಬೀಗರು ಒಂದು ಕಣ್ಣು ತೆರೆದರು. "ಹಾಗಾದ್ರೆ ನಿಮಗೂ ಬರಲ್ವಾ?"

"ಇಲ್ಲ."

"ಭಯ ಆಗ್ತಿದೆಯಾ?"

"ನನ್ನ ಕಾಲು ನೋಡಿ," ಎಂದ ಮಾಮ.

ಬೀಗರು ನೋಡಿದರು. ಆ ಕಾಲು ನೋಡಿ ಅವರ ಮುಖಕ್ಕೆ ಬಣ್ಣ ಬಂತು. ಇನ್ನೊಬ್ಬನ ಹೆದರಿಕೆಯಷ್ಟು ಧೈರ್ಯ ಕೊಡುವ ವಸ್ತು ಲೋಕದಲ್ಲಿ ಬೇರೆ ಇಲ್ಲ. ಹಿಂದೆ ಹೋಗುವುದೂ ಅಷ್ಟೇ ದೂರ, ಮುಂದೆ ಹೋಗುವುದೂ ಅಷ್ಟೇ ದೂರ ಎಂದು ಇಬ್ಬರೂ ಲೆಕ್ಕ ಹಾಕಿದರು. ನೀವು ಎಡಗೈ ಎತ್ತಿ, ನಾನು ನಿಮ್ಮ ಬೆನ್ನಿಗೆ ಭುಜ ಕೊಟ್ಟಿರ್ತೀನಿ ಎಂದ ಮಾಮ. ಎತ್ತಿದೆ, ಈಗ ನಿಮ್ಮ ಕಾಲು ನನ್ನ ಕಾಲಿದ್ದ ಕಡೆ ಇಡಿ ಎಂದರು ಬೀಗರು. ಹೀಗೆ ಒಬ್ಬರ ಹೆದರಿಕೆಯನ್ನು ಇನ್ನೊಬ್ಬರು ಕಾಯುತ್ತ, ನಾಲ್ಕು ಕೈ ನಾಲ್ಕು ಕಾಲಿನ ಒಂದು ಪ್ರಾಣಿಯಾಗಿ ಅವರು ಆ ನಡಿಗೆ ದಾಟಿದರು. ಎರಡನೆಯ ಜಗಲಿಯಲ್ಲಿ ಕಾದಿದ್ದ ಮೇಡಂ ಅವರನ್ನು ನೋಡಿ, ನೀವಿಬ್ಬರೂ ಬಹಳ ವರ್ಷದ ಸ್ನೇಹಿತರಾ ಎಂದು ಕೇಳಿದಳು.

ಮೂರನೆಯ ಮಜಲು ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಓಣಿ. ಒಂದು ಗೋಡೆಗೆ ಬೆನ್ನು, ಇನ್ನೊಂದಕ್ಕೆ ಪಾದ ಕೊಟ್ಟು ಮೇಲಕ್ಕೆ ತೆವಳಬೇಕು. ಅಲ್ಲಿ ಬೀಗರು ಮಧ್ಯದಲ್ಲಿ ಸಿಕ್ಕಿಕೊಂಡರು. ಬೆಣೆಗಳೆಲ್ಲಕ್ಕಿಂತ ಭದ್ರವಾಗಿ ಕೂತುಬಿಟ್ಟರು. ಕೆಳಗಿನಿಂದ ಮಾಮ ತಲೆ ಕೊಟ್ಟು ನೂಕಿದ. ಉಸಿರು ಬಿಡಿ ಬೀಗರೆ ಎಂದರೆ, ಬಿಟ್ಟರೆ ಮತ್ತೆ ತಗೊಳ್ಳೋಕೆ ಜಾಗ ಇಲ್ಲ ಎಂದರು ಅವರು. ಮೇಲಿಂದ ಮೇಡಂ ಎಳೆದಳು, ಕೆಳಗಿಂದ ಮಾಮ ನೂಕಿದ; ಒಂದು ಗುಂಡಿ ಕಿತ್ತು ಮಾಮನ ಹೆಲ್ಮೆಟ್ಟಿಗೆ ಟಣ್ ಎಂದು ಬಡಿದು ಪಾತಾಳಕ್ಕೆ ಹೋಯಿತು. ಅದು ನೆಲಕ್ಕೆ ಬಿದ್ದ ಸದ್ದು ಮಾಮನಿಗೆ ಕೇಳಿಸಲೇ ಇಲ್ಲ. ಅದೇ ಅವನನ್ನು ಮೇಲಕ್ಕೆ ಓಡಿಸಿತು. ಮುಂದೆ ಏನಾಯಿತೆಂದು ಅವನಿಗೆ ನೆನಪಿಲ್ಲ. ಹುಲ್ಲು ಮುಖಕ್ಕೆ ತಗುಲಿದಾಗ ಕಣ್ಣು ತೆರೆದ. ಬೀಗರು ಪಕ್ಕದಲ್ಲಿ ಅಂಗಾತ ಮಲಗಿ ಆಕಾಶಕ್ಕೆ ಧನ್ಯವಾದ ಹೇಳುತ್ತಿದ್ದರು.

ಬದುಕಿದ್ದೇನೆ ಎನ್ನುವುದು ಮನದಟ್ಟಾದ ಮೇಲೆ ಮಾಮ ಎದ್ದು ಕೂತು ಕನ್ನಡಕ ಹಾಕಿಕೊಂಡ. ಎರಡು ವರ್ಷ ಹೊರಬಾರದ ಮಾತು ಈಗ ತಾನಾಗಿ ಬಂತು.

"ಬೀಗರೆ, ನನ್ನ ಮಗಳನ್ನ ನಿಮ್ಮ ಮನೆಗೆ ಕೊಡ್ತೀನಿ. ಅವಳು ಹೋದ್ರೆ ಮನೆ ಖಾಲಿ ಆಗುತ್ತೆ ಅಂತ ಹೆದರಿದ್ದೆ. ಅದಕ್ಕಿಂತ ದೊಡ್ಡ ಹೆದರಿಕೆ ಇವತ್ತು ನೋಡಿಬಿಟ್ಟೆ."

ಬೀಗರು ಕಣ್ಣೊರೆಸಿಕೊಂಡರು. ಮಗ ಹೆಂಡತಿಯ ಮಾತು ಕೇಳಿ ಮನೆ ಬಿಡುತ್ತಾನೇನೋ ಎಂದು ತಾವೂ ದಿನ ದೂಡಿದ್ದಾಗಿ ಒಪ್ಪಿಕೊಂಡರು. ಆಮೇಲೆ ಇಬ್ಬರೂ ಮದುವೆಯ ಮಾತಿಗಿಳಿದರು. ಬೀದಿಯವರನ್ನೆಲ್ಲ ಕರೆಯಬೇಕು ಎಂದ ಮಾಮ. ಆಳೆತ್ತರದ ಕೇಕು ತನ್ನ ಕೈಯಾರೆ ಎಂದರು ಬೀಗರು. ಆಗ ಮಾಮನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಬಂಡೆಯ ಬುಡದಲ್ಲಿ ಸಿಗ್ನಲ್ ಇರಲಿಲ್ಲ, ಇಲ್ಲಿತ್ತು.

ಹೆಂಡತಿಯ ಮೆಸೇಜು, ಬೆಳಿಗ್ಗೆ ಕಳಿಸಿದ್ದು. "ಮಹಡಿ ಮನೆ ರಿಜಿಸ್ಟ್ರಾರು ರಜೆ ದಿನವೂ ಕಚೇರಿ ತೆಗೀತೀನಿ ಅಂದಿದಾರೆ. ಮಧ್ಯಾಹ್ನ ಇವರಿಬ್ಬರ ಮದುವೆ ಮಾಡಿಸ್ತಿದೀವಿ. ಮದುವೆಗೆ ಕೊಟ್ಟ ನೋಟಿಸಿನ ಗಡುವಿಗೆ ಇವತ್ತೇ ಕೊನೇ ದಿನ. ಇನ್ನೂ ಎಳೆದ್ರೆ ಮಕ್ಕಳಿಗೆ ತಲೆ ಹಣ್ಣಾಗುತ್ತೆ. ಕೋಪ ಮಾಡ್ಕೋಬೇಡಿ. ಹುಷಾರಾಗಿ ಹತ್ತಿ."

ಮಾಮ ಅದನ್ನು ಎರಡು ಸಲ ಓದಿ ಬೀಗರ ಕೈಗೆ ಕೊಟ್ಟ. ಬೀಗರು ಓದಿ ಹುಲ್ಲು ಕಿತ್ತರು. ಇಬ್ಬರು ಅಪ್ಪಂದಿರನ್ನೂ ಎಲ್ಲೂ ಓಡಿಬರಲಾಗದ, ಫೋನು ತಲುಪದ ಜಾಗದಲ್ಲಿ ನೇತುಹಾಕಿ ಮಕ್ಕಳು ಮದುವೆಯಾಗುತ್ತಿದ್ದಾರೆ. ಮಾಮ ಹೆಂಡತಿಗೆ ಫೋನು ಮಾಡಿದ, ಸಿಗಲಿಲ್ಲ. ಮಗಳಿಗೆ ಮಾಡಿದ, ಸಿಗಲಿಲ್ಲ. ಬೀಗರ ಮಗನದೂ ಅಷ್ಟೆ. ಕೋಪ ಎದೆಯವರೆಗೆ ಬಂತು. ಅಲ್ಲಿ ಏನಾಯಿತೋ, ಕಣ್ಣಿಗೆ ಬರುವಾಗ ನೀರಾಗಿತ್ತು. ಒಬ್ಬಳೇ ಮಗಳು. ಅವಳ ಮದುವೆಯ ದಿನ ಅಪ್ಪ ಎಲ್ಲಿದ್ದ ಎಂದು ನಾಳೆ ಯಾರಾದರೂ ಕೇಳಿದರೆ, ಬಂಡೆಯ ಮೇಲೆ ಹುಲ್ಲು ಕೀಳುತ್ತಿದ್ದ ಎನ್ನಬೇಕು.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಊರು ಸೇರುವ ಬೇಗನೆಯ ದಾರಿ ಯಾವುದು ಎಂದು ಅವನು ಮೇಡಂಳನ್ನು ಕೇಳಿದ. ಹಿಂಬದಿಗೆ ರಸ್ತೆಯೇನೋ ಇದೆ, ಆದರೆ ಗುಡ್ಡವೆಲ್ಲ ಸುತ್ತಿ ಹೋಗುತ್ತದೆ, ಸಂಜೆಯವರೆಗೆ ಬಸ್ಸಿಲ್ಲ ಎಂದಳು. ಬೇಗ ಹೋಗಬೇಕಾದರೆ ಹತ್ತಿದ ಕಡೆಯೇ ಹಗ್ಗ ಹಿಡಿದು ಇಳಿಯಬೇಕು, ಕೆಳಗೆ ಜೀಪಿದೆ ಎಂದಳು. ಹತ್ತುವುದಕ್ಕಿಂತ ಇಳಿಯುವುದಕ್ಕೇ ಎದೆ ಗಟ್ಟಿ ಬೇಕು ಎಂದೂ ಸೇರಿಸಿದಳು.

"ಇಳಿಸಿ," ಎಂದ ಮಾಮ.

ಅಂಚಿಗೆ ಬೆನ್ನು ಮಾಡಿ, ಕೈಯಲ್ಲಿ ಹಗ್ಗ ಹಿಡಿದು, ಏನೂ ಇಲ್ಲದ ಕಡೆಗೆ ಹಿಂದಕ್ಕೆ ವಾಲಬೇಕು. ಕುರ್ಚಿ ಇದೆಯೆಂದು ನಂಬಿ ಕೂತಂತೆ ಎಂದು ಮೇಡಂ ಹೇಳಿಕೊಟ್ಟಳು. ಮಾಮನ ಮೈಯ ಒಂದೊಂದು ಮೂಳೆಯೂ ಬೇಡ ಎಂದಿತು. ಹಿಮ್ಮಡಿ ಅಂಚಿನಾಚೆ ಹೋದಾಗ ಬಾಯಿಂದ ಬಂದ ಸದ್ದು ಮನುಷ್ಯನದಾಗಿರಲಿಲ್ಲ. ಅವನು ವಾಲಿದ. ಹಗ್ಗ ಬಿಗಿಯಿತು. ಅರ್ಧ ದಾರಿಯಲ್ಲಿ ಒಮ್ಮೆ ಗಾಳಿ ಅವನನ್ನು ಗಿರಗಿರ ತಿರುಗಿಸಿ ಮುಖವನ್ನು ಪಾತಾಳಕ್ಕೆ ಮಾಡಿ ನಿಲ್ಲಿಸಿತು. ಕನ್ನಡಕ ಮೂಗಿನ ಮೇಲೇ ಇತ್ತು. ಎಲ್ಲವೂ ಚೊಕ್ಕವಾಗಿ ಕಂಡಿತು. ಆಗ ಅವನು ಮಗಳು ಮೊದಲ ಸಲ ಸೈಕಲ್ಲಿನಿಂದ ಬಿದ್ದದ್ದು, ಬಿದ್ದರೂ ಎದ್ದು ಮತ್ತೆ ಹತ್ತಿದ್ದು ಇವನ್ನೆಲ್ಲ ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುತ್ತ ಇಳಿದ. ಜಗಲಿಯಿಂದ ಜಗಲಿಗೆ, ಅಲ್ಲಿಂದ ನೆಲಕ್ಕೆ. ಹಿಂದೆಯೇ ಬೀಗರು ಮೂಟೆ ಇಳಿಸಿದಂತೆ ಇಳಿದರು. ಕೊನೆಗೆ, ಹೊತ್ತು ನೆತ್ತಿ ದಾಟುವಾಗ, ಮೇಡಂ ಇಳಿದು ಹಗ್ಗ ಎಳೆದುಕೊಂಡಳು. ಮೇಲಿದ್ದ ತುದಿ ಸರ್ರನೆ ಬಂದು ಕಾಲ ಬುಡದಲ್ಲಿ ಬಿತ್ತು.

ಇಬ್ಬರೂ ಜೀಪಿನ ಕಡೆ ಓಡಿದರು. ಬೀಗರು ಆಗಲೇ ಒಂದು ಕಾಲು ಒಳಗಿಟ್ಟಿದ್ದರು. ಆಗ ಆಕಾಶದಿಂದ ದನಿ ಬಂತು.

"ಮಾಮಾ... ಅಲ್ಲೇನ್ ಮಾಡ್ತಿದೀರಿ?"

ಮೈದಾನದ ಆ ತುದಿಗೆ ಕೇಳುವ ಆ ಗಂಟಲು ಲೋಕದಲ್ಲಿ ಒಂದೇ. ಮಾಮ ತಲೆ ಎತ್ತಿದ. ಬಂಡೆಯ ಅಂಚಿನಲ್ಲಿ ತಲೆಗಳು ಸಾಲಾಗಿ, ಗೋಡೆಯ ಮೇಲಿನ ಕಾಗೆಗಳಂತೆ ಕಂಡವು. ಪೀಟಿ ಮೇಷ್ಟ್ರು, ರಿ‌ಜಿಸ್ಟ್ರಾರು, ಹೆಂಡತಿ, ಬೀಗಿತ್ತಿ, ಬೀದಿಯ ಮನೆ ಮನೆಯವರು. ನಡುವೆ ಬಿಳಿ ಅಂಗಿಯ ತೆಳ್ಳನೆಯ ಹುಡುಗ.

ಮೇಷ್ಟ್ರು ಒಂದೊಂದೇ ಮಾತನ್ನು ಕೆಳಗೆ ಎಸೆದರು. ತಯಾರಿಗೆಂದು ಬೆಳಿಗ್ಗೆಯೇ ಹೋದಾಗ ಕಚೇರಿಯ ಬಾಗಿಲಲ್ಲಿ ಹುಡುಗಿ ಹಟ ಹಿಡಿದಳಂತೆ. ಮೋಸ ಮಾಡಿದ್ದು ಸಾಕು, ಅಪ್ಪ ಎದುರಿಗಿಲ್ಲದೆ ಸಹಿ ಹಾಕಲ್ಲ ಎಂದಳಂತೆ. ಹುಡುಗನೂ ಹಾಗೇ ಎಂದನಂತೆ. ರಿಜಿಸ್ಟ್ರಾರು, ಸರಿ, ಅಪ್ಪಂದಿರು ಇರುವಲ್ಲಿಗೇ ಕಚೇರಿ ಹೋಗಲಿ ಎಂದರಂತೆ. ಹಾಗಾಗಿ ಬೀದಿಗೆ ಬೀದಿಯೇ ಎರಡು ವ್ಯಾನು ಹತ್ತಿ, ಸಿಗ್ನಲ್ ಇಲ್ಲದ ಕಾಡುದಾರಿಯಲ್ಲಿ ಗುಡ್ಡ ಸುತ್ತಿ, ಹಿಂಬದಿಯಿಂದ ತುದಿಗೆ ಬಂದು ನೋಡಿದರೆ ಅಲ್ಲಿ ಕಿತ್ತ ಹುಲ್ಲು ಮಾತ್ರ ಇತ್ತು.

"ರಿಜಿಸ್ಟ್ರಾರು ಹೇಳ್ತಿದಾರೆ," ಎಂದು ಮೇಷ್ಟ್ರು ಮುಂದುವರಿಸಿದರು, "ಹೊತ್ತು ಮುಳುಗಿದ ಮೇಲೆ ಅವರ ಸಹಿ ನಡೆಯಲ್ವಂತೆ. ಬೇಗ ಬರಬೇಕಂತೆ."

ರಸ್ತೆ ಸುತ್ತಿ ಹೋಗಲು ಎಷ್ಟು ಹೊತ್ತು ಎಂದು ಮಾಮ ಕೇಳಿದ. ಊರಿಗೆ ವಾಪಸು ಹೋಗಿ ಅಲ್ಲಿಂದ ಸುತ್ತಬೇಕು, ಕತ್ತಲಾಗುತ್ತೆ ಎಂದಳು ಮೇಡಂ. ಬೀಗರು ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತು, ಮದುವೆ ಇನ್ನೊಂದು ವರ್ಷ ಮುಂದೆ ಹಾಕಿದರೆ ಆಕಾಶ ಬೀಳುವುದಿಲ್ಲ ಎಂದರು.

ಆಗ ಸಾಲಿನಿಂದ ಒಂದು ತಲೆ ಎಲ್ಲರಿಗಿಂತ ಮುಂದೆ ಬಾಗಿತು. ಮಗಳು. ತೀರ ಅಂಚಿನಲ್ಲಿ ನಿಂತು ಕೈ ಬೀಸುತ್ತಿದ್ದಳು. ಮಾಮನ ಜೀವ ಬಾಯಿಗೆ ಬಂತು. ಬೆಳಗಿನಿಂದ ತನಗಾಗಿ ಹೆದರಿದ್ದೆಲ್ಲ ಏನೂ ಅಲ್ಲ ಎನ್ನುವಂಥ ಹೆದರಿಕೆ. ಹಿಂದೆ ಸರಿಯೇ, ಬಿದ್ದೀಯ ಎಂದು ಗಂಟಲು ಹರಿಯುವಂತೆ ಕೂಗಿದ.

ಮೇಲೆ ಏನೋ ಮಾತುಕತೆ ನಡೆಯಿತು. ಆಮೇಲೆ ಮೇಷ್ಟ್ರ ದನಿ ಇಳಿದು ಬಂತು.

"ನೀವು ಬರೋವರೆಗೂ ಸರಿಯಲ್ವಂತೆ!"

ಹಗ್ಗದ ಮೇಡಂ ಸುತ್ತಿಟ್ಟಿದ್ದ ನೀಲಿ ಹಗ್ಗ ಬಿಚ್ಚಿ, ಅದರ ತುದಿಯನ್ನು ಮಾಮನ ಕೈಯಲ್ಲಿಟ್ಟಳು.